ಜ್ವರವನ್ನು ಶಪಿಸಬೇಡಿ, ಕಡೆಗಣಿಸಲೂ ಬೇಡಿ
(ಜುಮಾ ಖುತ್ಬಾದ ಸಾರಾಂಶ)

 



ಮಳೆಗಾಲ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಜಮಾಅತ್‌ನ ಮನೆಮನೆಯಲ್ಲೂ ಜ್ವರ. ಒಂದು ಮನೆಯಲ್ಲಿ ಇಳಿಯಿತು ಅನ್ನುವಾಗ ಪಕ್ಕದ ಮನೆಯಲ್ಲಿ ಏರಿರುತ್ತದೆ. ಮಗುವಿಗೆ ಜ್ವರ ಬಂದರೆ ನಾವು ರಾತ್ರಿ ಹನ್ನೆರಡಕ್ಕೂ ಆಟೋ ಹಿಡಿದು ಆಸ್ಪತ್ರೆಗೆ ಓಡುತ್ತೇವೆ. ಓಡಬೇಕಾದದ್ದೇ. ಆದರೆ ದೊಡ್ಡವರ ಜ್ವರಕ್ಕೆ ನಮ್ಮಲ್ಲಿ ಲೆಕ್ಕವೇ ಇಲ್ಲ. ಮನೆಯ ಯಜಮಾನ ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾನೆ. ಮನೆಯ ಹೆಂಗಸು ಸೆರಗಿನಿಂದ ಹಣೆ ಒರೆಸಿಕೊಂಡು ಒಲೆಯ ಮುಂದೆ ನಿಂತಿರುತ್ತಾಳೆ. ಕೇಳಿದರೆ "ಏನಿಲ್ಲ, ಸ್ವಲ್ಪ ಮೈ ಬಿಸಿ" ಅನ್ನುತ್ತಾರೆ. ಈ "ಏನಿಲ್ಲ" ಎಂಬ ಮಾತಿನ ಬಗ್ಗೆಯೇ ಇಂದು ನಾವು ಮಾತನಾಡಬೇಕಾಗಿದೆ.

ಉಮ್ಮು ಸಾಇಬ್(ರ) ಎಂಬ ಸಹಾಬಿ ಮಹಿಳೆ ಜ್ವರದಿಂದ ನಡುಗುತ್ತಿದ್ದರು. ಪ್ರವಾದಿ(ಸ) ಅವರನ್ನು ನೋಡಲು ಬಂದು ಏನಾಯಿತೆಂದು ವಿಚಾರಿಸಿದಾಗ, ಅವರು ಜ್ವರವನ್ನು ಬೈದುಬಿಟ್ಟರು. ಜ್ವರವನ್ನು ಶಪಿಸಬಾರದು, ಕುಲುಮೆಯು ಕಬ್ಬಿಣದ ಕಿಟ್ಟವನ್ನು ತೆಗೆಯುವಂತೆ ಅದು ಮನುಷ್ಯನ ಪಾಪಗಳನ್ನು ತೆಗೆಯುತ್ತದೆ ಎಂಬ ಅರ್ಥದಲ್ಲಿ ಪ್ರವಾದಿ(ಸ) ಅವರನ್ನು ಸಂತೈಸಿದರು. ಇಮಾಮ್ ಮುಸ್ಲಿಮ್ ಇದನ್ನು ಉಲ್ಲೇಖಿಸಿದ್ದಾರೆ. ಈ ಹದೀಸ್ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆದರೆ ಕೆಲವರು ಇದರಿಂದ ತಪ್ಪು ಅರ್ಥ ಎತ್ತುತ್ತಾರೆ. ಪಾಪ ತೊಳೆಯುವಂಥದ್ದಾದರೆ ಮದ್ದು ಯಾಕೆ, ಸುಮ್ಮನೆ ಸಹಿಸಿಕೊಳ್ಳೋಣ ಎಂದು.

ಹಾಗಲ್ಲ. ಮದ್ದು ಮಾಡಬೇಕೇ ಎಂದು ಕೇಳಲು ಬಂದ ಗ್ರಾಮೀಣ ಅರಬರಿಗೆ, ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಯಾವ ರೋಗವನ್ನೂ ಅದರ ಮದ್ದಿಲ್ಲದೆ ಇಟ್ಟಿಲ್ಲ, ವೃದ್ಧಾಪ್ಯವೊಂದರ ಹೊರತು ಎಂದು ಕಲಿಸಿದವರೂ ಅದೇ ಪ್ರವಾದಿ(ಸ). ಮೊದಲನೆಯದು ಮನಸ್ಸಿಗೆ ಹೇಳಿದ ಮಾತು, ಎರಡನೆಯದು ಕೈಕಾಲಿಗೆ ಹೇಳಿದ ಮಾತು. ಗೊಣಗಬೇಡ, ಆದರೆ ಸುಮ್ಮನೆ ಕೂರಲೂ ಬೇಡ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತ್ರ ಅದು ಸುನ್ನತ್.

ಇನ್ನು ಜ್ವರ ಎಂದರೇನು? ಅದು ರೋಗವಲ್ಲ, ರೋಗದ ಸುದ್ದಿ. ನಮ್ಮ ಮೆದುಳಿನಲ್ಲಿ ಮೈಯ ಬಿಸಿಯನ್ನು ಹದದಲ್ಲಿಡುವ ಒಂದು ಜಾಗವನ್ನು ಅಲ್ಲಾಹನು ಇಟ್ಟಿದ್ದಾನೆ. ಸಾಮಾನ್ಯವಾಗಿ ಅದು 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿ ಮೈಯನ್ನು ಕಾಪಾಡುತ್ತದೆ. ರೋಗಾಣು ಒಳಹೊಕ್ಕಾಗ ಈ ಜಾಗವೇ ಬಿಸಿಯನ್ನು ಏರಿಸುವಂತೆ ದೇಹಕ್ಕೆ ಆಜ್ಞೆ ಕೊಡುತ್ತದೆ. ಏಕೆಂದರೆ ಬಿಸಿ ಏರಿದಾಗ ಅನೇಕ ರೋಗಾಣುಗಳಿಗೆ ಬೆಳೆಯುವುದು ಕಷ್ಟ, ದೇಹದ ಕಾವಲು ಪಡೆಗೆ ಕೆಲಸ ಸುಲಭ. ಜ್ವರ ಏರುವಾಗ ಚಳಿ ಯಾಕೆ ಎಂದು ಅನೇಕರು ಕೇಳುತ್ತಾರೆ. ದೇಹಕ್ಕೆ ಇನ್ನಷ್ಟು ಬಿಸಿ ಬೇಕಾಗಿದೆ, ಸ್ನಾಯುಗಳನ್ನು ನಡುಗಿಸಿ ಅದನ್ನು ಮಾಡಿಕೊಳ್ಳುತ್ತದೆ, ಅಷ್ಟೆ. ಇಳಿಯುವಾಗ ಬೆವರುವುದೂ ಅದೇ ಲೆಕ್ಕ.

ಹಾಗಾದರೆ ಎಷ್ಟಿದ್ದರೆ ಜ್ವರ? ಹಣೆ ಮುಟ್ಟಿ ಹೇಳುವುದು ಉಮ್ಮಂದಿರ ಪ್ರೀತಿ, ಆದರೆ ಲೆಕ್ಕ ಅಲ್ಲ. 38 ಡಿಗ್ರಿ ಸೆಲ್ಸಿಯಸ್ ಅಥವಾ 100.4 ಫ್ಯಾರನ್‌ಹೀಟ್ ದಾಟಿದರೆ ಜ್ವರ ಎಂದು ವೈದ್ಯರು ಎಣಿಸುತ್ತಾರೆ. ಕಂಕುಳಲ್ಲಿ ಇಟ್ಟರೆ ಬಾಯಿಯಲ್ಲಿ ಬರುವುದಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ತೋರಿಸುತ್ತದೆ. ಬಿಸಿ ಚಹಾ ಕುಡಿದ ಕೂಡಲೇ ಬಾಯಿಯಲ್ಲಿ ಇಟ್ಟರೆ ಹೆಚ್ಚು ತೋರಿಸುತ್ತದೆ, ಕಾಲು ಗಂಟೆ ಬಿಡಬೇಕು. ಒಂದು ಡಿಜಿಟಲ್ ಥರ್ಮಾಮೀಟರ್‌ನ ಬೆಲೆ ಒಂದು ಕಿಲೋ ಅಂಜಲ್ ಮೀನಿಗಿಂತ ಕಡಿಮೆ. ಆದರೂ ನಮ್ಮ ಎಷ್ಟು ಮನೆಗಳಲ್ಲಿ ಅದು ಇದೆ? ಇದ್ದರೂ ಅದರ ಬ್ಯಾಟರಿ ಬದುಕಿದೆಯೇ? ಜ್ವರ ಬಂದ ದಿನ, ಹೊತ್ತು, ಡಿಗ್ರಿ, ಕೊಟ್ಟ ಮಾತ್ರೆ, ಇಷ್ಟನ್ನು ಕ್ಯಾಲೆಂಡರ್‌ನ ಚೌಕದಲ್ಲಿಯೇ ಬರೆದಿಟ್ಟರೆ ಸಾಕು. ವೈದ್ಯರು ಮೊದಲು ಕೇಳುವ ಪ್ರಶ್ನೆಯೇ ಎಷ್ಟನೇ ದಿನ ಎಂದು. "ನಾಲ್ಕೈದು ದಿನ ಆಗಿರಬಹುದು" ಎಂಬ ಉತ್ತರದಿಂದ ಅವರಿಗೆ ಪ್ರಯೋಜನ ಇಲ್ಲ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಜ್ವರವನ್ನು ನೀರಿನಿಂದ ತಣಿಸುವ ಬಗ್ಗೆ ಪ್ರವಾದಿ(ಸ)ರ ಬೋಧನೆ ಇದೆ. ಹ. ಅಸ್ಮಾ ಬಿನ್ತ್ ಅಬೂಬಕರ್(ರ) ಅವರ ಬಳಿಗೆ ಜ್ವರ ಬಂದ ಹೆಂಗಸರನ್ನು ಕರೆತಂದರೆ, ಅವರು ದುಆ ಮಾಡಿ ಆಕೆಯ ಕೊರಳಿನ ಬಳಿ ಉಡುಪಿನೊಳಗೆ ನೀರು ಸುರಿಯುತ್ತಿದ್ದರು. ಇಬ್ನುಲ್ ಖಯ್ಯಿಮ್(ರ) ಇದನ್ನು ವಿವರಿಸುವಾಗ, ಈ ಮಾತು ಹಿಜಾಝ್‌ನ ಮತ್ತು ಅಂಥ ನಾಡಿನ ಜನರನ್ನು ಉದ್ದೇಶಿಸಿದ್ದು, ಅಲ್ಲಿ ಸೂರ್ಯನ ತಾಪದಿಂದ ಬರುವ ಜ್ವರಗಳೇ ಹೆಚ್ಚು ಎಂದು ಬರೆದರು. ನಮ್ಮ ವಿದ್ವಾಂಸರು ಹದೀಸನ್ನು ಎಷ್ಟು ಎಚ್ಚರದಿಂದ ಓದುತ್ತಿದ್ದರು ನೋಡಿ! ಇವತ್ತಿನ ವೈದ್ಯಶಾಸ್ತ್ರವೂ ಈ ವ್ಯತ್ಯಾಸವನ್ನು ಮಾಡುತ್ತದೆ. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್-ಮೇ ಬಿಸಿಲಿನಲ್ಲಿ ದುಡಿಯುವವರು ಮೈ ಸುಟ್ಟು, ಮಾತು ತಡವರಿಸಿ ಬಿದ್ದರೆ ಅದು ಬಿಸಿಲಿನ ಹೊಡೆತ. ಅಲ್ಲಿ ಜ್ವರದ ಮಾತ್ರೆ ಕೆಲಸ ಮಾಡುವುದಿಲ್ಲ. ತಕ್ಷಣ ನೆರಳಿಗೆ ತಂದು ನೀರು ಸುರಿದು, ಗಾಳಿ ಹಾಕಿ, ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ನೀರೇ ಮದ್ದು.

ಸೋಂಕಿನಿಂದ ಬಂದ ಜ್ವರದಲ್ಲಿ ಉಗುರು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹಣೆ, ಕುತ್ತಿಗೆ, ಕಂಕುಳು ಒರೆಸಿದರೆ ರೋಗಿಗೆ ಹಾಯೆನಿಸುತ್ತದೆ. ಹಿತವೆನಿಸುವಷ್ಟು ಮಾಡಿ. ಐಸ್ ನೀರು ಬೇಡ, ಅದು ನಡುಕವನ್ನು ಹೆಚ್ಚಿಸುತ್ತದೆ, ನಡುಕ ಬಿಸಿಯನ್ನು ಹೆಚ್ಚಿಸುತ್ತದೆ. ಇನ್ನೊಂದು ಕಡೆ ನಮ್ಮ ಮನೆಗಳಲ್ಲಿ ಕಿಟಕಿ ಮುಚ್ಚಿ, ಎರಡು ಕಂಬಳಿ ಹೊದಿಸಿ, ತಲೆಗೆ ಮಫ್ಲರ್ ಸುತ್ತಿ ಬೆವರಿಸುವ ಕ್ರಮ ಇದೆ. ಚಳಿ ಇರುವಷ್ಟು ಹೊತ್ತು ಹೊದಿಸಿ, ಚಳಿ ನಿಂತ ಮೇಲೆ ತೆಗೆಯಿರಿ. ಗಾಳಿ ಆಡಲಿ. ಜ್ವರದಲ್ಲಿ ಸ್ನಾನ ಮಾಡಬಾರದು ಎಂಬ ಮಾತಿಗೂ ಆಧಾರ ಇಲ್ಲ. ಮೈಯಲ್ಲಿ ಶಕ್ತಿ ಇದ್ದರೆ ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಬಹುದು.

ಕುಡಿಯುವ ನೀರಿನ ಬಗ್ಗೆ ಇನ್ನೂ ಒತ್ತಿ ಹೇಳಬೇಕು. ಜ್ವರದಲ್ಲಿ ಬೆವರಿನಿಂದ, ಉಸಿರಿನಿಂದ ದೇಹದ ನೀರು ಹೋಗುತ್ತಲೇ ಇರುತ್ತದೆ, ಬಾಯಿಗೆ ಮಾತ್ರ ಏನೂ ಬೇಡವಾಗಿರುತ್ತದೆ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಡಿ, ಎಳನೀರು ಕೊಡಿ, ಮಜ್ಜಿಗೆ ಕೊಡಿ, ಓಆರ್‌ಎಸ್ ಕೊಡಿ. ಲೋಟ ತುಂಬಾ ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪ, ಗಂಟೆಗೆ ಹಲವು ಸಲ. ಸಾಕಾಯಿತೇ ಎಂದು ತಿಳಿಯಲು ಮೂತ್ರವನ್ನು ಗಮನಿಸಬೇಕು. ನಾಲ್ಕಾರು ಗಂಟೆಗೊಮ್ಮೆ ತಿಳಿಯಾಗಿ ಹೋಗುತ್ತಿದ್ದರೆ ಸರಿ, ಕಡು ಹಳದಿಯಾಗಿ ಕಡಿಮೆಯಾದರೆ ನೀರು ಸಾಲದು. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದು ನೀರಿಗೆ ಮಿತಿ ಹೇಳಿಸಿಕೊಂಡವರು ತಮ್ಮ ವೈದ್ಯರನ್ನೇ ಕೇಳಬೇಕು.

ಮಾತ್ರೆಯ ವಿಷಯ. ದೊಡ್ಡವರ ಜ್ವರಕ್ಕೆ ಮನೆಯಲ್ಲಿ ತೆಗೆದುಕೊಳ್ಳಬಹುದಾದ ಮಾತ್ರೆ ಪ್ಯಾರಾಸಿಟಮಾಲ್ ಒಂದೇ. 500 ಅಥವಾ 650 ಮಿಲಿಗ್ರಾಮ್‌ನ ಒಂದು ಮಾತ್ರೆ, ಆರು ಗಂಟೆಯ ಅಂತರ, ದಿನಕ್ಕೆ ನಾಲ್ಕು ಮೀರದಂತೆ. ಇಷ್ಟು ಇಟ್ಟುಕೊಂಡರೆ ಸಾಮಾನ್ಯ ಆರೋಗ್ಯದ ವಯಸ್ಕರಿಗೆ ಸುರಕ್ಷಿತ. ಮಿತಿ ಮೀರಿದರೆ ಅದೇ ಮಾತ್ರೆ ಯಕೃತ್ತನ್ನು ಹಾಳುಮಾಡುತ್ತದೆ. ಯಕೃತ್ತಿನ ಕಾಯಿಲೆ ಇರುವವರು, ತೀರಾ ಸೊರಗಿದ ವೃದ್ಧರು ವೈದ್ಯರನ್ನು ಕೇಳಿ ಇನ್ನೂ ಕಡಿಮೆ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಶೀತದ ಮಾತ್ರೆಗಳಲ್ಲಿಯೂ ಹೆಚ್ಚಾಗಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಜ್ವರಕ್ಕೊಂದು, ಶೀತಕ್ಕೊಂದು, ಮೈಕೈ ನೋವಿಗೊಂದು ಎಂದು ಮೂರು ಹೆಸರಿನಲ್ಲಿ ಒಂದೇ ಮದ್ದನ್ನು ಮೂರು ಸಲ ನುಂಗುವವರಿದ್ದಾರೆ. ಪಟ್ಟಿಯ ಹಿಂಬದಿ ಓದಿ, ಓದಲು ಬಾರದಿದ್ದರೆ ಮನೆಯ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಮತ್ತು ಈ ಮಾತ್ರೆ ಬಿಸಿಯನ್ನು ಇಳಿಸುತ್ತದೆಯೇ ಹೊರತು ಜ್ವರದ ಕಾರಣವನ್ನು ಮುಟ್ಟುವುದಿಲ್ಲ. ಮಾತ್ರೆ ನುಂಗಿದ ಮೇಲೆ ಬಿಸಿ ಇಳಿದದ್ದನ್ನು ಗುಣ ಎಂದು ತಿಳಿದುಕೊಂಡರೆ ಅದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಇಲ್ಲಿ ನಮ್ಮ ಊರಿನ ದೊಡ್ಡ ರೋಗಕ್ಕೆ ಬರುತ್ತೇವೆ. ಅದು ಸೂಜಿಯ ರೋಗ. "ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ನಾಳೆ ಕೆಲಸಕ್ಕೆ ಹೋಗಬಹುದು" ಎಂಬ ನಂಬಿಕೆ. ಸೂಜಿ ಚುಚ್ಚದ ವೈದ್ಯ ವೈದ್ಯನೇ ಅಲ್ಲ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಅದರಲ್ಲಿ ಏನಿದೆ ಎಂದು ಕೇಳುವವರಿಲ್ಲ. ಹೆಚ್ಚಾಗಿ ಅದು ನೋವಿನ ಮದ್ದು. ಜ್ವರ ಡೆಂಗಿಯದ್ದಾಗಿದ್ದರೆ ಆ ಮದ್ದು ರಕ್ತಸ್ರಾವವನ್ನು ಹೆಚ್ಚಿಸಬಹುದು, ಸ್ನಾಯುವಿಗೆ ಚುಚ್ಚಿದ ಜಾಗದಲ್ಲಿಯೇ ರಕ್ತ ಕಟ್ಟಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್, ಈ ಮೂರು ಹೆಸರುಗಳನ್ನು ಬರೆದು ಗೋಡೆಗೆ ಅಂಟಿಸಿ. ಕಾರಣ ತಿಳಿಯದ ಮಳೆಗಾಲದ ಜ್ವರಕ್ಕೆ ಇವು ಬೇಡ. ಹೃದಯಕ್ಕಾಗಿ ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬೇಡಿ, ಜ್ವರ ಬಂದ ದಿನವೇ ವೈದ್ಯರಿಗೆ ತಿಳಿಸಿ.

ಕಳೆದ ಮಳೆಗಾಲದಲ್ಲಿ ಇದೇ ಅಂಗಳದಲ್ಲಿ ನಾವು ಒಬ್ಬ ಯುವ ತಂದೆಯ ಜನಾಝಾ ನಮಾಝ್ ನಿರ್ವಹಿಸಿದೆವು. ಮನೆಯವರ ಅನುಮತಿಯಿಂದ ಹೇಳುತ್ತಿದ್ದೇವೆ. ಜ್ವರ ಬಂದ ಎರಡನೇ ದಿನ ಸೂಜಿ ಹಾಕಿಸಿಕೊಂಡು ಗಾರೆ ಕೆಲಸಕ್ಕೆ ಹೋದರು. ನಾಲ್ಕನೇ ದಿನವೂ ಹೋದರು. ಐದನೇ ದಿನ ಬೆಳಿಗ್ಗೆ ಜ್ವರ ಇಳಿಯಿತು. ಮನೆಯವರು ಅಲ್‌ಹಮ್ದುಲಿಲ್ಲಾಹ್ ಅಂದರು. ಆದರೆ ಅಂದು ಮಧ್ಯಾಹ್ನದಿಂದ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಜ್ವರ ಇಲ್ಲವಲ್ಲ, ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸಿದರು. ರಾತ್ರಿ ಆಸ್ಪತ್ರೆ ತಲಪಿದಾಗ ರಕ್ತದೊತ್ತಡ ಸಿಗುತ್ತಿರಲಿಲ್ಲ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಅದರಲ್ಲಿ ನಮಗೆ ಸಂಶಯ ಇಲ್ಲ. ಆದರೆ ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂಬ ಒಂದು ಮಾತು ಆ ಮನೆಯಲ್ಲಿ ಯಾರಿಗಾದರೂ ತಿಳಿದಿರಬೇಕಿತ್ತು. ಅದನ್ನು ಮಿಂಬರ್‌ನಿಂದ ಹೇಳುವುದು ನಮ್ಮ ಹೊಣೆ.

ಆದ್ದರಿಂದ ಚೆನ್ನಾಗಿ ಕೇಳಿಸಿಕೊಳ್ಳಿ. ಡೆಂಗಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ಆ ಬಳಿಕದ ಒಂದೆರಡು ದಿನ ಕೆಲವರಲ್ಲಿ ರಕ್ತನಾಳಗಳಿಂದ ರಕ್ತದ ನೀರಿನ ಅಂಶ ಹೊರಗೆ ಸೋರುತ್ತದೆ. ನಾವೆಲ್ಲ ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಿರುತ್ತೇವೆ. ಆದರೆ ಜೀವಕ್ಕೆ ಕುತ್ತು ತರುವುದು ಬಹುಪಾಲು ಈ ಸೋರಿಕೆ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಚಡಪಡಿಕೆ ಅಥವಾ ವಿಪರೀತ ಮಂಪರು, ತಣ್ಣಗಿನ ಕೈಕಾಲು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಥರ್ಮಾಮೀಟರ್ ನೋಡಬೇಡಿ, ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಸಮಯಕ್ಕೆ ಸರಿಯಾಗಿ ಡ್ರಿಪ್ ಸಿಕ್ಕಿದರೆ ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ. ಪಪ್ಪಾಯಿ ಎಲೆಯ ರಸದ ಬಗ್ಗೆ ಕೇಳುವವರಿಗೆ ಹೇಳುವುದಿಷ್ಟೆ. ಈ ಸೋರಿಕೆಯನ್ನು ಅದು ತಡೆಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ, ವಾಂತಿ ಇರುವವರಿಗೆ ಅದು ಇನ್ನಷ್ಟು ವಾಂತಿ ತರಿಸಬಹುದು. ಅದನ್ನು ನಂಬಿ ಒಂದು ದಿನ ಕಳೆಯುವುದು ಬೇಡ.

ಪರೀಕ್ಷೆಗೂ ದಿನದ ಲೆಕ್ಕ ಬೇಕು. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಉಪಯುಕ್ತ, ಆ ಮೇಲೆ ಐಜಿಎಂ. ಕ್ಯಾಲೆಂಡರ್‌ನಲ್ಲಿ ಬರೆದಿಡಿ ಎಂದದ್ದು ಇದಕ್ಕೇ.

ಎಲ್ಲ ಜ್ವರವೂ ಡೆಂಗಿಯಲ್ಲ. ಮಂಗಳೂರಿನ ಕಡೆಯವರಿಗೆ ಮಲೇರಿಯಾ ಹೊಸತಲ್ಲ, ಕಟ್ಟಡ ಕೆಲಸದ ಜಾಗಗಳಲ್ಲಿ ನಿಂತ ನೀರು ಅದಕ್ಕೆ ತವರು. ನಡುಗಿಸುವ ಚಳಿ, ಸುಡುವ ಜ್ವರ, ಆಮೇಲೆ ಬೆವರಿ ಹಗುರ. ಒಂದು ದಿನ ಬಿಟ್ಟು ಮತ್ತೆ. ಸರಕಾರಿ ಆಸ್ಪತ್ರೆಯಲ್ಲಿ ರಕ್ತದ ಲೇಪನ ಪರೀಕ್ಷೆಯೂ ಮದ್ದೂ ಉಚಿತ. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಪೂರ್ತಿ ಮಾಡಬೇಕು. ಮೂರೇ ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಯಕೃತ್ತಿನಲ್ಲಿ ಅಡಗಿದ ರೋಗಾಣು ವಾರ, ತಿಂಗಳುಗಳ ಬಳಿಕ ಎದ್ದು ಬರುತ್ತದೆ. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ, ಗರ್ಭಿಣಿ ಎಂದು ವೈದ್ಯರಿಗೆ ಮೊದಲೇ ಹೇಳಬೇಕು.

ತೋಟದಲ್ಲಿ, ಗದ್ದೆಯಲ್ಲಿ, ಚರಂಡಿಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಭಯ ಇದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದಲೇ ಒಳಸೇರುತ್ತದೆ. ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು, ಮತ್ತೆ ಕಾಮಾಲೆಯ ಹಳದಿ. ಬೇಗ ಹೋದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ನಿಂದಲೇ ವಾಸಿಯಾಗುವ ಈ ಕಾಯಿಲೆ ತಡವಾದರೆ ಕಿಡ್ನಿಯನ್ನು ಹಿಡಿಯುತ್ತದೆ. ಕಾಮಾಲೆ ಎಂದು ತಿಳಿದು ನಾಟಿ ಮದ್ದಿಗೆ ಹೋಗಿ ವಾರ ಕಳೆಯುವುದು ನಮ್ಮ ಊರಿನಲ್ಲಿ ನಡೆಯುತ್ತಲೇ ಇದೆ. ನಿಮ್ಮ ಕೆಲಸ ಏನೆಂದು ವೈದ್ಯರಿಗೆ ಹೇಳಿ. ಮಲೆನಾಡಿನ ನಮ್ಮ ಬಂಧುಗಳು ಕಾಡಿಗೆ ಸೌದೆಗೆ, ದರಕಿಗೆ ಹೋಗಿದ್ದರೆ ಅದನ್ನೂ ಹೇಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗಿನಿಂದ ಬರುವಂಥದ್ದು, ಅದರ ಕಾಲ ಮಳೆಗಾಲವಲ್ಲ, ಬೇಸಿಗೆ.

ಇನ್ನೊಂದು ಜ್ವರ ಇದೆ, ಅದು ಸದ್ದು ಮಾಡುವುದಿಲ್ಲ. ಸಂಜೆಯಾದರೆ ಸಣ್ಣಗೆ ಮೈ ಬಿಸಿ, ರಾತ್ರಿ ಬೆವರು, ತೂಕ ಇಳಿಯುವುದು, ಎರಡು ವಾರ ಕಳೆದರೂ ನಿಲ್ಲದ ಕೆಮ್ಮು. ಕ್ಷಯ ಎಂದರೆ ಮದುವೆ ಸಂಬಂಧ ತಪ್ಪೀತೆಂದು ಮುಚ್ಚಿಡುತ್ತೇವೆ. ಕಫ ಪರೀಕ್ಷೆಯೂ ಚಿಕಿತ್ಸೆಯೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತ, ಪೂರ್ತಿ ಮಾಡಿದರೆ ಗುಣವಾಗುವ ಕಾಯಿಲೆ. ಮುಚ್ಚಿಟ್ಟರೆ ಅದೇ ಮನೆಯ ಮಕ್ಕಳಿಗೆ ಹರಡುತ್ತದೆ.

ಇವನ್ನೆಲ್ಲ ಹೇಳಿದ್ದು ನೀವೇ ರೋಗ ನಿರ್ಣಯ ಮಾಡಲಿ ಎಂದಲ್ಲ. ನಮ್ಮಲ್ಲಿ ಸಲಹೆ ಕೊಡುವವರಿಗೇನೂ ಕೊರತೆಯಿಲ್ಲ. ಸಹಾಬಿಗಳ ಒಂದು ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲಿನಿಂದ ಗಾಯವಾಯಿತು. ಆಮೇಲೆ ಅವರಿಗೆ ಕಡ್ಡಾಯ ಸ್ನಾನ ಬೇಕಾಗಿ ಬಂತು. ತಯಮ್ಮುಮ್ ಸಾಕೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರು ಸಿಗುವಾಗ ಸಾಲದು ಎಂದರು. ಅವರು ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದಾಗ ಪ್ರವಾದಿ(ಸ) ಬಹಳ ನೊಂದು, ಆ ಸಲಹೆ ಕೊಟ್ಟವರೇ ಆ ಸಾವಿಗೆ ಕಾರಣರೆಂದು ಕಠಿಣವಾಗಿ ನುಡಿದರು, ತಿಳಿಯದವರು ಕೇಳಬೇಕಿತ್ತು ಎಂದರು. ವೈದ್ಯಕೀಯ ತಿಳಿಯದೆ ಚಿಕಿತ್ಸೆಗೆ ಇಳಿದವನು ಅದರ ಪರಿಣಾಮಕ್ಕೆ ಹೊಣೆಗಾರ ಎಂಬ ಬೋಧನೆಯೂ ಹದೀಸ್‌ನಲ್ಲಿದೆ. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮದ್ದು ಬರೆಯುವವರು ಈ ಎರಡನ್ನೂ ನೆನಪಿಟ್ಟುಕೊಳ್ಳಲಿ. ಹೋದ ವರ್ಷ ಉಳಿದ ಆ್ಯಂಟಿಬಯೋಟಿಕ್ ಪಟ್ಟಿಯನ್ನು ನೆರೆಮನೆಗೆ ದಾಟಿಸುವುದು ಉಪಕಾರವಲ್ಲ. ವೈರಸ್‌ನಿಂದ ಬಂದ ಜ್ವರಕ್ಕೆ ಅದು ಏನೂ ಮಾಡುವುದಿಲ್ಲ, ನಾಳೆ ನಿಜವಾಗಿ ಬೇಕಾದಾಗ ಕೆಲಸ ಮಾಡದಂತಾಗುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ಸಾಮಾನ್ಯ ಆರೋಗ್ಯದ ವಯಸ್ಕರು ನೀರು, ವಿಶ್ರಾಂತಿ, ಪ್ಯಾರಾಸಿಟಮಾಲ್‌ನೊಂದಿಗೆ ಒಂದೆರಡು ದಿನ ನೋಡಬಹುದು. ಮೂರನೇ ದಿನವೂ ಜ್ವರ ಇದ್ದರೆ, ಅಥವಾ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ತೋರಿಸಲೇಬೇಕು. ಉಸಿರಾಟದ ಕಷ್ಟ, ಎದೆನೋವು, ಕುತ್ತಿಗೆ ಬಗ್ಗಿಸಲಾಗದ ತಲೆನೋವು, ಅಪಸ್ಮಾರ, ಅಸಂಬದ್ಧ ಮಾತು, ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ, ಇವಿದ್ದರೆ ಒಂದು ಗಂಟೆಯೂ ಕಾಯಬಾರದು. ಗರ್ಭಿಣಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ನಲ್ಲಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲ ದಿನವೇ ಹೋಗಬೇಕು. ವಯಸ್ಸಾದ ತಂದೆತಾಯಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಎಷ್ಟೋ ಸಲ ಅವರ ಮೈ ಹೆಚ್ಚು ಬಿಸಿಯಾಗುವುದೇ ಇಲ್ಲ. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಮೊಮ್ಮಗನ ಹೆಸರು ಮರೆತರೆ, ಊಟ ಬಿಟ್ಟರೆ, ಎದ್ದು ನಿಲ್ಲಲಾರದಾದರೆ ಅದೇ ಅವರ ಜ್ವರ. "ಅಜ್ಜನಿಗೆ ವಯಸ್ಸಾಯಿತು" ಎಂದು ಬಿಡಬೇಡಿ.

ಇನ್ನು ಇಬಾದತ್‌ನ ವಿಷಯ. ಪ್ರವಾದಿ(ಸ)ರಿಗೂ ಜ್ವರ ಬರುತ್ತಿತ್ತು. ಅವರ ಮೈ ಮುಟ್ಟಿದ ಇಬ್ನು ಮಸ್‌ಊದ್(ರ), ತಮಗೆ ವಿಪರೀತ ಜ್ವರ ಇದೆಯಲ್ಲಾ ಎಂದು ಕಳವಳಪಟ್ಟಾಗ, ನಿಮ್ಮಲ್ಲಿ ಇಬ್ಬರಿಗೆ ಬರುವಷ್ಟು ಜ್ವರ ತಮಗೆ ಬರುತ್ತದೆಂದು ಹೇಳಿದರು. ಅಂತಿಮ ಕಾಯಿಲೆಯಲ್ಲಿ ಏಳು ಚರ್ಮದ ಚೀಲಗಳ ನೀರನ್ನು ತಮ್ಮ ಮೇಲೆ ಸುರಿಸಿಕೊಂಡರು. ನಮಾಝ್‌ಗೆ ಹೋಗಲು ಎದ್ದರು, ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಮತ್ತೆ ಯತ್ನಿಸಿದರು, ಮತ್ತೆ ತಪ್ಪಿತು. ಕೊನೆಗೆ ಹ. ಅಬೂಬಕರ್(ರ) ಅವರಿಗೆ ಇಮಾಮತ್ ವಹಿಸಲು ಹೇಳಿಕಳುಹಿಸಿದರು. ತಮ್ಮ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಮಲಗುವುದನ್ನೂ ನಮಗೆ ಕಲಿಸಿದವರು ಅವರೇ. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡಲಿ. ನೀರು ಹಾನಿ ಮಾಡೀತೆಂದಿದ್ದರೆ ತಯಮ್ಮುಮ್ ಇದೆ. ರಮಝಾನ್‌ನಲ್ಲಿ ಜ್ವರ ಬಂದರೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರ್ತಿ ಮಾಡಲು ಕುರ್‌ಆನ್ ಸ್ವತಃ ಅನುಮತಿ ಕೊಟ್ಟಿದೆ. ಕೊಟ್ಟವನು ಅಲ್ಲಾಹನು. ಬೇಡ ಎನ್ನಲು ಅತ್ತೆ ಯಾರು, ನೆರೆಯವರು ಯಾರು?

ರೋಗಿಗೆ ಜುಮಾ ಕಡ್ಡಾಯವಲ್ಲ. ಬಿಟ್ಟರೆ ಸಾಯುವಂತಿರುವ ರೋಗಿಯ ಬಳಿ ಕುಳಿತವನಿಗೂ ವಿದ್ವಾಂಸರು ವಿನಾಯಿತಿ ಹೇಳಿದ್ದಾರೆ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವನು ಅದರ ವಾಸನೆ ಹೋಗುವವರೆಗೆ ಮಸೀದಿಯಿಂದ ದೂರ ಇರಬೇಕೆಂದು ಕಲಿಸಿದ ಧರ್ಮದಲ್ಲಿ, ಜ್ವರ ಮತ್ತು ಕೆಮ್ಮನ್ನು ಹೊತ್ತುಕೊಂಡು ಮೊದಲ ಸಫ್‌ನಲ್ಲಿ ವೃದ್ಧರ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಭಕ್ತಿಯೆನಿಸೀತೇ?

ಈಗ ಗಂಡಸರಿಗೆ ಒಂದು ಮಾತು, ಸ್ವಲ್ಪ ಖಾರವಾಗಿದ್ದರೂ ಸಹಿಸಿಕೊಳ್ಳಿ. ನಮಗೆ ಜ್ವರ ಬಂದರೆ ಗಂಜಿ ಕೈಗೆ ಬರುತ್ತದೆ. ಮನೆಯೊಡತಿಗೆ ಜ್ವರ ಬಂದರೆ ಗಂಜಿ ಮಾಡುವವರಾರು? ಅವಳೇ. ಉಮ್ಮ ಎನ್ನಿ, ಅಮ್ಮಿ ಎನ್ನಿ, ಅವಳ ಜ್ವರವನ್ನು ಅಳೆದವರಾರು? ಹ. ಉಸ್ಮಾನ್(ರ) ಬದ್ರ್‌ಗೆ ಹೋಗದೆ ಮದೀನದಲ್ಲಿ ಉಳಿದದ್ದು ಕಾಯಿಲೆ ಬಿದ್ದ ತಮ್ಮ ಪತ್ನಿ ರುಕಯ್ಯಾ(ರ) ಅವರ ಆರೈಕೆಗೆ, ಪ್ರವಾದಿ(ಸ)ರದೇ ಸೂಚನೆಯಂತೆ. ಬದ್ರ್‌ನಲ್ಲಿ ಪಾಲ್ಗೊಂಡವರಿಗೆ ಸಿಗುವ ಪ್ರತಿಫಲವೂ ಪಾಲೂ ಅವರಿಗೂ ಇದೆ ಎಂದು ಪ್ರವಾದಿ(ಸ) ತಿಳಿಸಿದರು. ಬದ್ರ್‌ಗಿಂತ ನಮ್ಮ ಅಂಗಡಿ ದೊಡ್ಡದೇ? ಎರಡು ದಿನ ಶಟರ್ ಎಳೆದರೆ ರಿಝ್ಕ್ ನಿಲ್ಲುವುದಿಲ್ಲ.

ದಿನಗೂಲಿಯವರ ಕಷ್ಟ ಬೇರೆ. ಅವರು ಜ್ವರದಲ್ಲಿ ದುಡಿಯುವುದು ಹಟದಿಂದಲ್ಲ, ಸಂಜೆಯ ಅಕ್ಕಿಗಾಗಿ. ಅವರಿಗೆ ವಿಶ್ರಾಂತಿಯ ಉಪದೇಶ ಮಾಡುವ ಮೊದಲು ಆ ಮನೆಗೆ ಮೂರು ದಿನದ ಅಕ್ಕಿ ತಲಪಬೇಕು. ಬೈತುಲ್ ಮಾಲ್‌ನಿಂದ ಇದಕ್ಕಾಗಿ ಒಂದು ಭಾಗವನ್ನು ಮಳೆಗಾಲ ಮುಗಿಯುವವರೆಗೆ ತೆಗೆದಿಡಲು ಕಮಿಟಿ ಒಪ್ಪಿದೆ. ಜ್ವರ ಬಂದ ಮನೆಯವರು ಬಂದು ಕೇಳಬೇಕಾಗಿಲ್ಲ, ನೆರೆಯವರು ಹೇಳಿದರೆ ಸಾಕು. ಗಲ್ಫ್‌ನ ರೂಮಿನಲ್ಲಿ ಒಬ್ಬರೇ ಮಲಗಿರುವ ನಮ್ಮ ಮಕ್ಕಳಿಗೂ ಫೋನಿನಲ್ಲಿ "ಹಣ ಬಂತಾ" ಎಂಬುದಕ್ಕಿಂತ ಮೊದಲು ಎಷ್ಟು ಡಿಗ್ರಿ, ಎಷ್ಟನೇ ದಿನ ಎಂದು ಕೇಳಿ. ರೋಗಿಯನ್ನು ನೋಡಲು ಹೋಗುವವರು ಹತ್ತು ನಿಮಿಷ ಕುಳಿತು, ದುಆ ಮಾಡಿ ಏಳಲಿ. ಹಾರ್ಲಿಕ್ಸ್ ಬಾಟ್ಲಿಗಿಂತ ಸೊಳ್ಳೆಪರದೆ ಒಯ್ಯುವುದು ಮೇಲು. ಡೆಂಗಿ ರೋಗಿಯನ್ನು ಕಚ್ಚಿದ ಸೊಳ್ಳೆಯೇ ರೋಗವನ್ನು ಮನೆಯ ಉಳಿದವರಿಗೆ ದಾಟಿಸುವುದು, ಅದು ಕಚ್ಚುವುದು ಹಗಲಿನಲ್ಲಿ. ಹಗಲು ಮಲಗುವಾಗಲೂ ಪರದೆ ಬೇಕು.

ಆ ಸೊಳ್ಳೆ ಬೆಳೆಯುವುದು ಕೊಳಚೆಯಲ್ಲಲ್ಲ, ನಮ್ಮ ಮನೆಯ ಶುದ್ಧ ನೀರಿನಲ್ಲಿ. ಡ್ರಮ್ಮು, ಟಾರ್ಪಾಲಿನ ಮಡಿಕೆ, ಎಸೆದ ತೆಂಗಿನ ಚಿಪ್ಪು, ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿರಟೆ, ಫ್ರಿಜ್‌ನ ಹಿಂದಿನ ತಟ್ಟೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಬದಿಯನ್ನು ಉಜ್ಜಬೇಕು. ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ದಾರಿಯಿಂದ ಮುಳ್ಳನ್ನು ಸರಿಸುವುದು ಈಮಾನಿನ ಭಾಗ ಎಂದು ನಂಬಿದವರಿಗೆ ದಂಡದ ಭಯ ಬೇಕಾಗಬಾರದು.

ಜುಮಾಕ್ಕೆ ಶುಕ್ರವಾರ ಇರುವಂತೆ, ಈ ಕೆಲಸಕ್ಕೂ ಶುಕ್ರವಾರವನ್ನೇ ಗೊತ್ತುಮಾಡಿಕೊಳ್ಳೋಣ. ಉಗುರು ಕತ್ತರಿಸಿ, ಸ್ನಾನ ಮಾಡಿ, ಸುಗಂಧ ಹಚ್ಚಿಕೊಳ್ಳುವ ಮುಂಚೆ ಮನೆಯ ಸುತ್ತ ಒಂದು ಸುತ್ತು. ಮಸೀದಿಯ ಹೌಝ್‌ನಿಂದಲೇ ಆರಂಭ. ಇದೇ ಭಾನುವಾರ ಫಜ್ರ್ ನಮಾಝ್ ಆದ ಕೂಡಲೇ ಹೌಝ್ ಖಾಲಿ ಮಾಡಿ ಉಜ್ಜಿ, ಬಳಿಕ ಖಬರ್‌ಸ್ಥಾನದ ಕಡೆಗೆ, ಅಲ್ಲಿಂದ ಮದ್ರಸದ ತಾರಸಿಗೆ. ಯುವಕರು ಬ್ರಶ್ಶು, ಬಕೆಟ್ ತರಲಿ, ಬೂಟು ಇದ್ದವರು ಹಾಕಿಕೊಂಡು ಬರಲಿ. ಆಶಾ ಕಾರ್ಯಕರ್ತೆ ಸಹೋದರಿಯೂ ಎಂಟು ಗಂಟೆಗೆ ಬರುತ್ತೇನೆಂದಿದ್ದಾರೆ, ಮನೆಮನೆಗೆ ಅವರು ಹೋಗುವಾಗ ಬಾಗಿಲು ತೆರೆದು ಟ್ಯಾಂಕಿ ತೋರಿಸಿ. ಜ್ವರ ಇರುವವರು ಬರಬೇಡಿ, ಮಲಗಿ.